ಜನಗಣತಿಯ ‘ಕುಟುಂಬ’ ಯಾವುದು: ಮನೆಯೋ, ಒಲೆಯೋ, ವಂಶವೋ?

2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 6,10,95,297. 2001ರಲ್ಲಿ ಅದು 5,28,50,562 ಇತ್ತು. ಹತ್ತು ವರ್ಷಗಳಲ್ಲಿ ಶೇ. 15.6ರಷ್ಟು ಏರಿತು. ಅದೇ ಅವಧಿಯಲ್ಲಿ, ಜನಗಣತಿಯ ಮೊದಲ ಹಂತವಾದ ಮನೆಪಟ್ಟಿ ಗಣತಿಯಲ್ಲಿ ದಾಖಲಾದ ‘ಕುಟುಂಬ’ಗಳು ಸುಮಾರು 1 ಕೋಟಿ 2 ಲಕ್ಷದಿಂದ ಸುಮಾರು 1 ಕೋಟಿ 32 ಲಕ್ಷಕ್ಕೆ, ಅಂದರೆ ಶೇ. 28ಕ್ಕೂ ಹೆಚ್ಚು ಬೆಳೆದವು. ಜನ ಬೆಳೆದ ವೇಗಕ್ಕಿಂತ ಕುಟುಂಬಗಳು ಬೆಳೆದ ವೇಗ ಹೆಚ್ಚುಕಡಿಮೆ ಎರಡು ಪಟ್ಟು ಆದ್ದರಿಂದ, ಒಂದು ಕುಟುಂಬದಲ್ಲಿ ಸರಾಸರಿ ಐದಕ್ಕಿಂತ ತುಸು ಮೇಲಿದ್ದ ಜನರ ಸಂಖ್ಯೆ 4.6ರ ಆಸುಪಾಸಿಗೆ ಇಳಿಯಿತು. ಈ ಅಂಕಿಗಳನ್ನು ಕನ್ನಡದಲ್ಲಿ ವಿವರಿಸುವ ಬರಹಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತೆಂದರೆ ‘ಕುಟುಂಬಗಳು ಒಡೆಯುತ್ತಿವೆ, ಅವಿಭಕ್ತ ಕುಟುಂಬ ಮರೆಯಾಗುತ್ತಿದೆ’ ಎಂಬುದು. ಈ ತೀರ್ಮಾನ ಅಂಕಿಯಿಂದ ಹುಟ್ಟಿದ್ದಲ್ಲ, ‘ಕುಟುಂಬ’ ಎಂಬ ಪದದಿಂದ ಹುಟ್ಟಿದ್ದು ಎಂದು ನನಗೆ ಅನ್ನಿಸುತ್ತದೆ. ಈ ಪದವನ್ನೇ ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ.

ಇಂಗ್ಲಿಷಿನಲ್ಲಿ ‘ಫ್ಯಾಮಿಲಿ’ ಬೇರೆ, ‘ಹೌಸ್‌ಹೋಲ್ಡ್’ ಬೇರೆ. ಜನಗಣತಿ ಎಣಿಸುವುದು ಎರಡನೆಯದನ್ನು. ಅದರ ವ್ಯಾಖ್ಯೆ ಸರಳವಾಗಿದೆ: ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತ ಒಂದೇ ಅಡುಗೆಮನೆಯಲ್ಲಿ ಬೆಂದದ್ದನ್ನು ಉಣ್ಣುವವರ ಗುಂಪು. ಅವರು ರಕ್ತಸಂಬಂಧಿಗಳಾಗಿರಬಹುದು, ಏನೇನೂ ಸಂಬಂಧವಿಲ್ಲದವರಾಗಿರಬಹುದು, ಎರಡೂ ಬಗೆಯವರು ಬೆರೆತಿರಬಹುದು. ಒಂದೇ ಸೂರಿನಡಿ ಇದ್ದರೂ ಅಡುಗೆ ಬೇರೆಯಾದರೆ ಲೆಕ್ಕ ಬೇರೆ. ಒಬ್ಬರೇ ಬೇಯಿಸಿಕೊಂಡು ಒಬ್ಬರೇ ಉಂಡರೆ ಅದೂ ಒಂದು ಪೂರ್ಣ ಘಟಕ. ಹಾಸ್ಟೆಲ್ಲು, ಸೆರೆಮನೆ, ಅನಾಥಾಲಯ, ಆಶ್ರಮಗಳು ‘ಸಾಂಸ್ಥಿಕ’ ಎಂಬ ಬೇರೆ ಬಗೆಯಲ್ಲಿ ಸೇರುತ್ತವೆ. ಫುಟ್‌ಪಾತಿನಲ್ಲಿ, ರೈಲ್ವೆ ಪ್ಲಾಟ್‌ಫಾರಂನಲ್ಲಿ, ಮೇಲ್ಸೇತುವೆಯ ಕೆಳಗೆ ಇರುವವರನ್ನೂ ಇದೇ ಘಟಕದ ಲೆಕ್ಕದಲ್ಲಿ 2011ರ ಫೆಬ್ರವರಿ 28ರ ರಾತ್ರಿ ಎಣಿಸಲಾಯಿತು. ಇವೆಲ್ಲಕ್ಕೂ ಕನ್ನಡದಲ್ಲಿ ನಾವು ಬಳಸುವ ಪದ ‘ಕುಟುಂಬ’ ಒಂದೇ. ಸೆರೆಮನೆಯನ್ನು ‘ಸಾಂಸ್ಥಿಕ ಕುಟುಂಬ’ ಎಂದು ಬರೆಯುವಾಗ, ಒಂಟಿಯಾಗಿರುವ ಮುದುಕಿಯನ್ನು ‘ಏಕವ್ಯಕ್ತಿ ಕುಟುಂಬ’ ಎಂದು ಬರೆಯುವಾಗ ಪದ ಅರ್ಥವನ್ನು ಹೊರಲಾರದೆ ಕುಸಿಯುವುದು ಯಾರಿಗಾದರೂ ಕಾಣುತ್ತದೆ.

ಕುಸಿಯಲು ಕಾರಣ, ನಮ್ಮಲ್ಲಿ ಈ ಪದ ಮೊದಲೇ ಬೇರೆ ಅರ್ಥಗಳಿಂದ ತುಂಬಿದೆ. ಹಳೆಯ ತಲೆಮಾರಿನವರ ಬಾಯಲ್ಲಿ ‘ನಮ್ಮ ಕುಟುಂಬ’ ಎಂದರೆ ಹೆಂಡತಿ ಎಂದೇ ಅರ್ಥವಿತ್ತು. ಆಸ್ತಿಯ ಕಾನೂನಿನಲ್ಲಿ ‘ಅವಿಭಕ್ತ ಕುಟುಂಬ’ ಎಂದರೆ ಪಾಲಾಗದ ಸ್ವತ್ತಿಗೆ ಹಕ್ಕುದಾರರಾದವರು. ಅಣ್ಣ ಹಾಸನದಲ್ಲಿ, ತಮ್ಮ ದುಬೈಯಲ್ಲಿ ಇದ್ದರೂ, ಪಹಣಿ ಒಂದೇ ಆಗಿ ಪಾಲು ಆಗದಿರುವ ತನಕ ಅವರದು ಅವಿಭಕ್ತ ಕುಟುಂಬವೇ. ಜನಗಣತಿಗೆ ಅವರು ಒಂದೇ ಘಟಕವಲ್ಲ; ದುಬೈಯ ತಮ್ಮನಂತೂ ಈ ದೇಶದ ಲೆಕ್ಕದಲ್ಲೇ ಬರುವುದಿಲ್ಲ. ಕರಾವಳಿಯಲ್ಲಿ ಇನ್ನೂ ಒಂದು ಅರ್ಥವಿದೆ. ಅಳಿಯಸಂತಾನ ಪದ್ಧತಿಯಲ್ಲಿ, ಅದಕ್ಕೆಂದೇ ಬಂದ 1949ರ ಮದರಾಸು ಕಾಯ್ದೆಯಲ್ಲಿಯೂ, ‘ಕುಟುಂಬ’ ಎಂಬುದು ಹೆಣ್ಣಿನ ಸಂತತಿಯ ಮೂಲಕ ಹೆಣೆದ ಬಳಗ. ಅದರೊಳಗಿನ ಕವಲು ‘ಕವರು’. ಅಲ್ಲಿ ಗಂಡ ಹೆಂಡತಿಯ ಕುಟುಂಬದವನಲ್ಲ, ಅವನ ಕುಟುಂಬ ಅವನ ತಾಯಿಯದು. ಜೀವಮಾನವಿಡೀ ಒಂದೇ ಒಲೆಯ ಅನ್ನ ಉಂಡ ಗಂಡ-ಹೆಂಡತಿ ಬೇರೆ ಬೇರೆ ‘ಕುಟುಂಬ’ದವರು ಎನ್ನುವ ಈ ಅರ್ಥ, ಜನಗಣತಿಯ ಅರ್ಥಕ್ಕೆ ನೇರ ಎದುರು ನಿಲ್ಲುತ್ತದೆ.

ಕೊಡಗಿನ ‘ಒಕ್ಕ’ವನ್ನೂ ಇಲ್ಲಿ ನೆನೆಯಬೇಕು. 2011ರಲ್ಲಿ 5,54,519 ಜನರಿದ್ದ ಕೊಡಗು ರಾಜ್ಯದಲ್ಲೇ ಅತಿ ಕಡಿಮೆ ಜನಸಂಖ್ಯೆಯ ಜಿಲ್ಲೆ. ಕೊಡವರ ಒಕ್ಕ ಎಂದರೆ ಒಂದು ಮೂಲಪುರುಷನ ಸಂತತಿ, ಅದರ ನೆಲೆ ಐನ್‌ಮನೆ. ಹಿಂದೆ ಒಕ್ಕದವರು ಬಹುಮಂದಿ ಐನ್‌ಮನೆಯಲ್ಲೇ ಕೂಡಿ ಉಣ್ಣುತ್ತಿದ್ದರು. ಇಂದು ಅವರು ಬೆಂಗಳೂರು, ಮೈಸೂರು, ಸೈನ್ಯದ ಊರುಗಳಲ್ಲಿ ಚದುರಿ, ಸುಗ್ಗಿಯ ಹಬ್ಬವಾದ ಪುತ್ತರಿಯ ಹೊತ್ತಿಗೆ ಮತ್ತೆ ಒಂದಾಗುತ್ತಾರೆ. ಒಕ್ಕ ಒಡೆಯಿತೇ ಎಂದು ಕೇಳಿದರೆ ಅವರು ಇಲ್ಲವೆನ್ನುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಜನಗಣತಿಯ ಕೋಷ್ಟಕದಲ್ಲಿ ಮಾತ್ರ ಆ ಒಂದು ಒಕ್ಕ ಹತ್ತಾರು ಘಟಕ.

ಹಾಗಾದರೆ ಅಂಕಿ ಏನನ್ನು ಹೇಳುತ್ತದೆ? ಒಂದು ಒಲೆಗೆ ಸೇರುವ ಜನ ಕಡಿಮೆಯಾಗಿದ್ದಾರೆ, ಅಷ್ಟೇ. ಅದಕ್ಕೆ ಕಾರಣ ಅಣ್ಣತಮ್ಮಂದಿರು ಬೇರೆಯಾದದ್ದು ಇರಬಹುದು. ಹುಟ್ಟುವ ಮಕ್ಕಳೇ ಕಡಿಮೆಯಾದದ್ದೂ ಇರಬಹುದು. ಐದನೆಯ ಸುತ್ತಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವಂತಿಕೆ ದರ (ಒಬ್ಬ ಹೆಂಗಸಿಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ) 1.7, ಅಂದರೆ ತಲೆಮಾರು ತನ್ನನ್ನು ತಾನು ತುಂಬಿಕೊಳ್ಳಲು ಬೇಕಾದ 2.1ಕ್ಕಿಂತ ಸಾಕಷ್ಟು ಕೆಳಗೆ. ಅಪ್ಪ, ಅಮ್ಮ, ಮಗ, ಸೊಸೆ, ನಾಲ್ಕು ಮೊಮ್ಮಕ್ಕಳಿದ್ದ ಎಂಟು ಜನರ ಮನೆ, ಅಪ್ಪ, ಅಮ್ಮ, ಮಗ, ಸೊಸೆ, ಒಂದು ಮೊಮ್ಮಗುವಿನ ಐದು ಜನರ ಮನೆಯಾದರೆ ಸರಾಸರಿ ಇಳಿಯುತ್ತದೆ. ಕೂಡುಕುಟುಂಬ ಎಲ್ಲಿಯೂ ಒಡೆದಿರುವುದಿಲ್ಲ. ಕೂಡಿ ಬಾಳುವಿಕೆಯ ಪ್ರಶ್ನೆಗೆ ಉತ್ತರ ಹುಡುಕುವವರು ನೋಡಬೇಕಾದದ್ದು ಮನೆಪಟ್ಟಿ ಗಣತಿಯಲ್ಲೇ ಇರುವ ಇನ್ನೊಂದು ಕೋಷ್ಟಕವನ್ನು: ಒಂದು ಘಟಕದಲ್ಲಿ ಎಷ್ಟು ದಂಪತಿಗಳು ವಾಸಿಸುತ್ತಾರೆ ಎಂಬುದನ್ನು ಅದು ಬೇರೆಯಾಗಿ ಕೊಡುತ್ತದೆ. ‘ಕುಟುಂಬ’ ಎಂಬ ಪದ ಕಣ್ಣಿಗೆ ಬಿದ್ದ ಕೂಡಲೇ ಅರ್ಥ ಸ್ಪಷ್ಟವಾದಂತೆ ಭಾಸವಾಗುವುದರಿಂದ ಆ ಕೋಷ್ಟಕದವರೆಗೆ ಹೋಗುವವರು ಕಡಿಮೆ.

ನಮ್ಮ ಆಡುಮಾತಿನಲ್ಲಿ ಈ ಭೇದ ಇಲ್ಲವೆಂದಲ್ಲ. ಅದು ಇಂಗ್ಲಿಷಿಗಿಂತ ನಿಖರವಾಗಿಯೇ ಇದೆ. ಹಾಸನದ ಕಡೆಯ ಹಳ್ಳಿಗಳಲ್ಲಿ ನಾನು ನೋಡಿರುವ ತೊಟ್ಟಿಮನೆಗಳಲ್ಲಿ ತಲೆಬಾಗಿಲು ಒಂದೇ, ದೇವರ ಗೂಡು ಒಂದೇ. ನಡುಮನೆಯ ಮಧ್ಯೆ ಆಳೆತ್ತರದ ಇಟ್ಟಿಗೆಗೋಡೆ ಎದ್ದು ಆ ಬದಿಗೊಂದು, ಈ ಬದಿಗೊಂದು ಅಡುಗೆ ನಡೆಯುತ್ತಿರುತ್ತದೆ. ‘ಇನ್ನೂ ಪಾಲಾಗಿಲ್ಲ, ಒಲೆ ಮಾತ್ರ ಬೇರೆ’ ಎಂದು ಆ ಮನೆಯವರು ಹೇಳುತ್ತಾರೆ. ಕಟ್ಟಡ, ಆಸ್ತಿ, ಅಡುಗೆ ಎಂಬ ಮೂರು ಲೆಕ್ಕಗಳೂ ಆ ಒಂದು ಮಾತಿನಲ್ಲಿ ಬಿಡಿಬಿಡಿಯಾಗಿ ನಿಂತಿವೆ. ತಾಯಿಯ ವಿಷಯಕ್ಕೆ ಬಂದಾಗ ‘ಅವ್ವನದು ತಿಂಗಳ ಸರದಿ’ ಎನ್ನುತ್ತಾರೆ: ಒಂದು ತಿಂಗಳು ದೊಡ್ಡವನ ಒಲೆಯಲ್ಲಿ, ಮುಂದಿನ ತಿಂಗಳು ಚಿಕ್ಕವನ ಒಲೆಯಲ್ಲಿ. ಗಣತಿದಾರರಿಗೆ ಈ ಅವ್ವ ಎಷ್ಟು ಕಷ್ಟದ ಪ್ರಶ್ನೆಯೆಂದು ಆ ಕೆಲಸ ಮಾಡಿದ ಶಿಕ್ಷಕರು ಬಲ್ಲರು. ‘ನಿಮ್ಮ ಕುಟುಂಬದಲ್ಲಿ ಎಷ್ಟು ಜನ?’ ಎಂದರೆ ಎರಡೂ ಬದಿಯವರು ಅವಳನ್ನು ಸೇರಿಸಿ ಹೇಳುತ್ತಾರೆ. ‘ಈಗ ನಿಮ್ಮ ಒಲೆಯಲ್ಲಿ ಎಷ್ಟು ಜನ ಉಣ್ಣುತ್ತೀರಿ?’ ಎಂದರೆ ಒಬ್ಬರೇ ಹೇಳುತ್ತಾರೆ.

ಪದಗಳನ್ನು ಒಂದೊಂದಾಗಿ ತೂಗಿ ನೋಡಿದೆ. ‘ಮನೆ’ ಎಲ್ಲರಿಗೂ ಹತ್ತಿರದ್ದು. ‘ನೂರು ಮನೆಯ ಊರು’ ಎಂದಾಗ ನಾವು ಎಣಿಸುತ್ತಿರುವುದು ಗೋಡೆಗಳನ್ನಲ್ಲ, ಸಂಸಾರಗಳನ್ನು. ಆದರೆ ಜನಗಣತಿಗೆ ಕಟ್ಟಡದ ಅರ್ಥದ ‘ಮನೆ’ಯೂ ಬೇಕು. 1951ರಿಂದ ಮನೆಯನ್ನೂ ವಾಸಿಸುವ ಗುಂಪನ್ನೂ ಬೇರೆ ಬೇರೆಯಾಗಿ ಎಣಿಸುತ್ತಿರುವಾಗ ಎರಡಕ್ಕೂ ಒಂದೇ ಪದ ಆಗದು. ಜನಗಣತಿಗಿದ್ದ ‘ಖಾನೇಸುಮಾರಿ’ ಎಂಬ ಹಳೆಯ ಪದದಲ್ಲಿಯೂ ‘ಖಾನೆ’ ಎಂದರೆ ಮನೆ, ‘ಶುಮಾರ್’ ಎಂದರೆ ಎಣಿಕೆ. ಎಣಿಕೆ ಎಂಬ ಅರ್ಥದ ಆ ಪಾರಸಿ ಪದವೇ ಕನ್ನಡದಲ್ಲಿ ‘ಅಂದಾಜು’ ಎಂಬ ಅರ್ಥದ ‘ಸುಮಾರು’ ಆಗಿ ನಿಂತಿದೆ. ‘ಮನೆಮಂದಿ’ ಅರ್ಥದಲ್ಲಿ ಬಹಳ ಹತ್ತಿರ ಬರುತ್ತದೆ, ಆದರೆ ‘ಎರಡು ಮನೆಮಂದಿ’, ‘ಲಕ್ಷ ಮನೆಮಂದಿ’ ಎಂದು ಎಣಿಸಲು ಭಾಷೆ ಒಪ್ಪುವುದಿಲ್ಲ. ‘ಮನೆತನ’ ಉತ್ತರ ಕರ್ನಾಟಕದಲ್ಲಂತೂ ವಂಶ, ಮರ್ಯಾದೆಗಳ ಕಡೆಗೆ ವಾಲುತ್ತದೆ. ‘ಸಂಸಾರ’ಕ್ಕೆ ಮದುವೆ ಅಂಟಿಕೊಂಡಿದೆ, ಒಂದು ಫ್ಲ್ಯಾಟಿನಲ್ಲಿ ಕೂಡಿ ಅಡುಗೆ ಮಾಡಿಕೊಳ್ಳುವ ನಾಲ್ವರು ಯುವತಿಯರನ್ನು ಸಂಸಾರವೆನ್ನಲಾಗದು.

ನನ್ನ ಮನಸ್ಸು ಬಹುಕಾಲ ನಿಂತದ್ದು ‘ಒಕ್ಕಲು’ ಎಂಬ ಪದದ ಬಳಿ. ಅದರ ಮೂಲಾರ್ಥ ವಾಸ, ನೆಲೆ. ‘ಒಕ್ಕಲೆಬ್ಬಿಸು’ ಎನ್ನುವಾಗ, ಕರಾವಳಿಯವರು ಗೃಹಪ್ರವೇಶಕ್ಕೆ ‘ಮನೆ ಒಕ್ಕಲು’ ಎನ್ನುವಾಗ ಆ ಅರ್ಥ ಇನ್ನೂ ಜೀವಂತ. ಅದಕ್ಕಿಂತ ಮುಖ್ಯವಾಗಿ, ಅದು ಎಣಿಕೆಗೆ ಬಗ್ಗುವ ಪದ: ಶಾಸನಗಳಲ್ಲಿ ‘ಅರುವತ್ತೊಕ್ಕಲು’, ತೆಲ್ಲಿಗರ (ಎಣ್ಣೆ ತೆಗೆಯುವವರ) ‘ಅಯ್ವತ್ತೊಕ್ಕಲು’ ಎಂಬ ಮಾತುಗಳು ಬರುತ್ತವೆ. ಹೀಗೆ ಸಂಖ್ಯೆಯ ಜೊತೆ ಸಹಜವಾಗಿ ಕೂಡುವ ಅಚ್ಚಗನ್ನಡದ ಪದ ಬೇರೆ ಸಿಗುವುದು ಕಷ್ಟ. ಆದರೂ ಇದನ್ನು ಬಿಡಬೇಕೆಂದೇ ನನಗೆ ತೋರಿತು. ಗೇಣಿಗೆ ಉಳುವವನು ಎಂಬ ಅರ್ಥ ಅದರ ಮೇಲೆ ಗಟ್ಟಿಯಾಗಿ ಕೂತಿದೆ. ಮಂಡ್ಯ, ಹಾಸನಗಳ ಬಾಗಿಲಲ್ಲಿ ನಿಂತು ‘ನೀವು ಎಷ್ಟು ಒಕ್ಕಲು?’ ಎಂದರೆ ಕೇಳಿದವರಿಗೆ ಜಾತಿ ನೆನಪಾಗುತ್ತದೆ. ಮುಂದಿನ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುವುದೆಂದು ನಿರ್ಧಾರವಾಗಿರುವಾಗ ಈ ಗೊಂದಲವನ್ನು ನಾವಾಗಿ ತಂದುಕೊಳ್ಳಬಾರದು.

ಈ ಚರ್ಚೆಗೆ ಈಗಲೇ ತುರ್ತು ಇರುವುದೂ ಆ ಜನಗಣತಿಯಿಂದ. 2027ರ ಮಾರ್ಚ್ 1ನ್ನು ಅದರ ಉಲ್ಲೇಖದಿನವೆಂದು, ಅಂದರೆ ಎಣಿಕೆಗೆ ಆಧಾರವಾದ ದಿನವೆಂದು, ಗೊತ್ತುಪಡಿಸಲಾಗಿದೆ. ಮನೆಪಟ್ಟಿ ಹಂತಕ್ಕೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿ. ಜನರೇ ಮೊಬೈಲಿನಲ್ಲಿ ವಿವರ ತುಂಬುವ ಅವಕಾಶವೂ ಇದೆ. ಗಣತಿದಾರರು ಎದುರಿಗಿದ್ದರೆ ‘ಅಂದರೆ ಒಂದೇ ಅಡುಗೆಯವರು’ ಎಂದು ಬಿಡಿಸಿ ಹೇಳುತ್ತಾರೆ. ಪರದೆಯ ಮೇಲೆ ಪದವೊಂದೇ ಇರುತ್ತದೆ. ಜೊತೆಗೆ ಅದನ್ನು ಓದುವವರ ತಲೆಯಲ್ಲಿ ಪಡಿತರ ಚೀಟಿಯ ಕುಟುಂಬವೂ ಇರುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಪಡಿತರ ಚೀಟಿಗೆ ಮನೆಯ ಹಿರಿಯ ಹೆಂಗಸೇ ಮುಖ್ಯಸ್ಥೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಸೇರುವುದೂ ಚೀಟಿಯಲ್ಲಿರುವ ಆ ಯಜಮಾನಿಗೆ. ಜನಗಣತಿಯಲ್ಲಾದರೆ ಮನೆಯವರು ಯಾರನ್ನು ಮುಖ್ಯಸ್ಥರೆಂದು ಒಪ್ಪುತ್ತಾರೋ ಅವರೇ ಮುಖ್ಯಸ್ಥರು. ಎರಡು ಕಡೆಯೂ ‘ಕುಟುಂಬದ ಮುಖ್ಯಸ್ಥರು’ ಎಂದೇ ಬರೆದರೆ, ಚೀಟಿಯಲ್ಲಿದ್ದಂತೆ ಇಲ್ಲಿಯೂ ಇರದಿದ್ದರೆ ಸವಲತ್ತು ತಪ್ಪೀತೆಂದು ಹೆದರುವವರು ಇದ್ದೇ ಇರುತ್ತಾರೆ, ಆ ಹೆದರಿಕೆ ಅಂಕಿಯಲ್ಲಿ ಸೇರಿಕೊಳ್ಳುತ್ತದೆ.

ಸದ್ಯಕ್ಕೆ ನನ್ನ ಸಲಹೆ ಇಷ್ಟು. ಆಡಳಿತದಲ್ಲಿ ಬೇರೂರಿರುವ ‘ಕುಟುಂಬ’ವನ್ನು ಕಿತ್ತುಹಾಕುವುದು ಸಾಧ್ಯವಿಲ್ಲ, ಜನಸಂಖ್ಯೆಯ ಬಗ್ಗೆ ಬರೆಯುವವರು ಮೊದಲ ಸಲ ಬಳಸುವಾಗ ‘ಒಂದಡುಗೆಯ ಕುಟುಂಬ’ ಎಂದು ಬರೆದರೆ ಅರ್ಥ ನಿಲ್ಲುತ್ತದೆ. ಸಾಂಸ್ಥಿಕ ಬಗೆಗೆ ‘ಕುಟುಂಬ’ವನ್ನು ಬಿಟ್ಟು ‘ಸಾಮೂಹಿಕ ವಸತಿ’ ಎಂದರೆ ಏನೂ ನಷ್ಟವಿಲ್ಲ. ಸರಾಸರಿ ಗಾತ್ರ ಇಳಿದದ್ದನ್ನು ಹೇಳುವ ವಾಕ್ಯದಲ್ಲಿ ‘ಅವಿಭಕ್ತ’ ಎಂಬ ಆಸ್ತಿಕಾನೂನಿನ ವಿಶೇಷಣ ಬರಲೇಬಾರದು.

‘ಒಂದಡುಗೆ’ ನಾನು ಕಟ್ಟಿಕೊಂಡ ಸಮಾಸ. ಊರ ಮಾತಿನಲ್ಲಿ ಇದಕ್ಕಿಂತ ಹಳೆಯದೂ ಹದವಾದದ್ದೂ ಇದ್ದರೆ ಅದೇ ನಿಲ್ಲಲಿ. ಕಲಬುರಗಿ, ಬೀದರ್, ರಾಯಚೂರಿನ ಕಡೆ ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳದೆ ಅಡುಗೆ ಮಾತ್ರ ಬೇರೆ ಮಾಡಿಕೊಂಡಾಗ ಏನೆನ್ನುತ್ತಾರೆ? ಹವ್ಯಕ, ಕುಂದಾಪುರ, ಅರೆಭಾಷೆಗಳಲ್ಲಿ ಒಂದೇ ಒಲೆಯಲ್ಲಿ ಉಣ್ಣುವವರನ್ನು ಒಟ್ಟಾಗಿ ಸೂಚಿಸುವ, ಸಂಖ್ಯೆಯ ಮುಂದೆ ನಿಲ್ಲಬಲ್ಲ ಪದವಿದೆಯೇ? ಬಲ್ಲವರು ಆ ಮಾತು ಬರುವ ಪೂರ್ತಿ ವಾಕ್ಯವನ್ನೇ, ಊರ ಉಚ್ಚಾರದಲ್ಲಿಯೇ ಬರೆದು ತಿಳಿಸಬೇಕೆಂದು ಕೋರುತ್ತೇನೆ.