ರಿಸ್ಟೋರ್, ಆಲ್ಟ್ರೇಷನ್, ಕಿಲುಬು: ಹಳೇ ಜಾವಾ ಕೆಲಸಕ್ಕೆ ಯಾವ್ಯಾವ ಪದ?

ಎಲ್ರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯಿಂದ ಬರೀತಿದೀನಿ. ನಮ್ಮನೆ ಶೆಡ್ಡಿಗೆ ಸಂಜೆ ಹೊತ್ತು ಹಳೇ ಬೈಕಿನ ಕೆಲಸ ಕಲಿಯೋಕೆ ಒಂದಿಷ್ಟು ಹುಡುಗ್ರು ಬರ್ತಾರೆ, ಅವ್ರಿಗೆ ಅಂತ ಕನ್ನಡದಲ್ಲೇ ಒಂದು ಸಣ್ಣ ಕೈಪಿಡಿ ಬರೀತಿದೀವಿ. ಸದ್ಯ ಶೆಡ್ಡಲ್ಲಿ ಬಿಚ್ಚಿಟ್ಟಿರೋದು 1960ರ ದಶಕದ ಜಾವಾ 250, ಮೈಸೂರಲ್ಲಿ ತಯಾರಾಗಿದ್ದು. ಕೈಪಿಡಿ ಮೊದಲನೇ ಪುಟದಲ್ಲೇ ನಿಂತು ಹೋಗಿದೆ, 'ರಿಸ್ಟೋರ್ ಮಾಡೋದು', ಅಂದ್ರೆ ಹಾಳಾದ ಹಳೇ ಗಾಡೀನ ಮತ್ತೆ ಮೊದಲಿನ ಹಾಗೆ ಮಾಡೋದು, ಅನ್ನೋದಕ್ಕೆ ಎಂತ ಬರೀಬೇಕು ಅಂತ.

ಪೇಪರ್ನೋರು ಬರೆಯೋ 'ನವೀಕರಣ' ನಂಗೆ ಒಪ್ಪಿಗೆ ಇಲ್ಲ. ಲೈಸೆನ್ಸಿಗೂ ನವೀಕರಣ, ಬಸ್ ಸ್ಟ್ಯಾಂಡಿಗೂ ನವೀಕರಣ, ಅದರೊಳಗೆ ಹೊಸದು ಮಾಡೋದು ಅನ್ನೋ ಅರ್ಥ ಕೂತಿದೆ, ಇಲ್ಲಿ ಕೆಲಸ ಅದಲ್ವಲ್ಲ. 'ಪುನಶ್ಚೇತನ' ಭಾಷಣದ ಪದ, ಕೈಯಲ್ಲಿ ಸ್ಪ್ಯಾನರ್ ಹಿಡ್ದಿರೋ ಹುಡುಗನ ಬಾಯಲ್ಲಿ ಬರಲ್ಲ. 'ಜೀರ್ಣೋದ್ಧಾರ' ಒಂದು ಹತ್ತಿರ ಬರುತ್ತೆ, ಹಾಳಾಗಿದ್ದನ್ನ ಎತ್ತಿ ನಿಲ್ಸೋದು ಅಂತ. ಆದ್ರೆ ನಮ್ಮ ಮಲೆನಾಡಲ್ಲಿ ಎಷ್ಟೋ ಕಡೆ ಜೀರ್ಣೋದ್ಧಾರ ಅಂದ್ರೆ ಮರದ ಕಂಬದ ಹಳೇ ಗುಡಿ ಕೆಡವಿ ಅದೇ ಜಾಗದಲ್ಲಿ ಕಾಂಕ್ರೀಟ್ ಗುಡಿ ಕಟ್ಟಿ ಟೈಲ್ಸ್ ಹಾಕೋದು. ಇಕ್ಕೇರಿ ಅಘೋರೇಶ್ವರ ದೇವಸ್ಥಾನದಂಥ ಕಡೆ ಪುರಾತತ್ವ ಇಲಾಖೆಯವ್ರು ಮಾಡೋ ಕೆಲಸಕ್ಕೆ ಬೇರೆ ಪದಾನೇ ಇದೆ, 'ಸಂರಕ್ಷಣೆ'. ಇದ್ದ ಕಲ್ಲು ಇದ್ದ ಹಾಗೇ ಇರಬೇಕು, ಇನ್ನಷ್ಟು ಹಾಳಾಗಬಾರ್ದು ಅಷ್ಟೇ. ಬೈಕಲ್ಲೂ ಈ ಎರಡು ದಾರಿ ಇದಾವೆ, ಒಬ್ಬ ಟ್ಯಾಂಕನ್ನ ಉಜ್ಜಿ ಹೊಸಾ ಮರೂನ್ ಪೇಂಟ್ ಹೊಡೆದು ಕ್ರೋಮ್ ಮಾಡಿಸ್ತಾನೆ, ಇನ್ನೊಬ್ಬ ಸವಾರನ ಬೆಲ್ಟ್ ತಾಗಿ ತಾಗಿ ಟ್ಯಾಂಕಿನ ಹಿಂದಿನ ಅಂಚಲ್ಲಿ ಪೇಂಟ್ ತೆಳ್ಳಗಾಗಿ ಒಳಗಿನ ಪ್ರೈಮರ್ ಕಾಣ್ತಿರೋದನ್ನ ಹಾಗೇ ಬಿಟ್ಟು ಮೇಣ ಮಾತ್ರ ಹಚ್ತಾನೆ. ನಂಗೆ ಎರಡನೆಯವನ ಕೆಲಸಾನೇ ದೊಡ್ಡದು ಅನ್ಸುತ್ತೆ, ಯಾಕಂದ್ರೆ ಹೋದ ಪೇಂಟನ್ನ ಯಾವತ್ತು ಬೇಕಾದ್ರೂ ಹೊಡೀಬಹುದು, ಆ ಸವೆತ ಮಾತ್ರ ಮತ್ತೆ ಬರಲ್ಲ. ಈ ಬೆಲೆ ಬಾಳೋ ಸವೆತಕ್ಕೆ ಕನ್ನಡದಲ್ಲಿ ಒಳ್ಳೇ ಪದ ಇದ್ಯಾ? 'ಸವಕಲು', 'ಮಾಸಲು' ಎರಡೂ ಬೈದ ಹಾಗೇ ಕೇಳ್ತವೆ.

ಗ್ಯಾರೇಜಿನವ್ರಿಗೆ ಇದೆಲ್ಲಾ ಒಂದೇ ಮಾತು, 'ರೆಡಿ ಮಾಡೋದು'. ಆದ್ರೆ ವ್ಯತ್ಯಾಸ ಮಾಡ್ಲೇಬೇಕು, ಕಾನೂನಲ್ಲೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ ವಿಂಟೇಜ್ ಅಂದ್ರೆ ಬರೀ ಹಳೇದು ಅಂತಲ್ಲ, ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಇಂಜಿನ್ ಯಾವುದನ್ನೂ ಮಾರ್ಪಡಿಸಿರಬಾರ್ದು. ಹಂಗಿದ್ದು ವಿಂಟೇಜ್ ಅಂತ ಹೊಸದಾಗಿ ರಿಜಿಸ್ಟರ್ ಮಾಡಿಸಿದ್ರೆ 'ವಿಎ' ಸರಣಿಯ ನಂಬರ್ ಸಿಗುತ್ತೆ, ಫೀಸು 20,000 ರೂಪಾಯಿ, ಹತ್ತು ವರ್ಷಕ್ಕೆ. ಆಮೇಲೆ ಅದನ್ನ ದಿನಾ ಓಡಿಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕ್ಸೋದು, ರಿಪೇರಿ ಇಂಥದ್ದಕ್ಕೆ ಮಾತ್ರ. 1973ರಲ್ಲಿ ಹೆಸರು ಯೆಜ್ಡಿ ಅಂತ ಬದಲಾಗೋಕೆ ಮುಂಚಿನ ಮೈಸೂರಿನ ಜಾವಾಗಳೆಲ್ಲಾ ವಯಸ್ಸಿನ ಲೆಕ್ಕದಲ್ಲಿ ಪಾಸು, ಮೂಲ ರೂಪ ಅನ್ನೋದ್ರಲ್ಲೇ ಸಿಕ್ಕಿಬೀಳೋದು. ಹಿಂಭಾಗದ ಚಾಸಿ ಕತ್ತರಿಸಿ ಕೆಫೆ ರೇಸರ್, ಅಂದ್ರೆ ರೇಸ್ ಬೈಕಿನ ಹಾಗೆ ಕಾಣೋ ಹಂಗೆ, ಮಾಡಿಸಿದ ಗಾಡಿ ನೋಡೋಕೆ ಎಷ್ಟೇ ಚಂದ ಇದ್ರೂ ಅದು ಆ ಸಾಲಿಗೆ ಸೇರಲ್ಲ.

ಹಾಗಾಗಿ ನಾನು ಅಂದ್ಕೊಂಡಿರೋದು ಹಿಂಗೆ. ನಮ್ಮ ಕಡೆ 'ಗಾಡಿ ಮಲಗಿದೆ' ಅಂತೀವಲ್ಲ, ಮೂಲೆಗೆ ಬಿದ್ದಿದ್ದನ್ನ ಮತ್ತೆ ಓಡೋ ಹಾಗೆ ಮಾಡಿದ್ರೆ ಅದು 'ಎಬ್ಬಿಸೋದು'. ಇದ್ದಂಗೇ ಕಾಪಾಡಿದ್ರೆ 'ಉಳಿಸೋದು'. ಕತ್ತರಿಸಿ ಬೇರೇನೇ ಮಾಡಿದ್ರೆ 'ಮಾರ್ಪಡಿಸೋದು', ಗ್ಯಾರೇಜಲ್ಲಿ ಹೇಳೋ ಆಲ್ಟ್ರೇಷನ್. ತಕರಾರು ಬರೋದು ಮಧ್ಯದ ಕೆಲಸಕ್ಕೆ. ಜಾವಾದ ಕರೆಂಟು 6 ವೋಲ್ಟಿನದು. ಮಳೆಗಾಲದ ರಾತ್ರಿ ಆಗುಂಬೆ ಘಾಟಿಯ ತಿರುವುಗಳಲ್ಲಿ ಮಂಜು ಕವಿದಿದ್ದಾಗ ಆ ಹೆಡ್‌ಲೈಟಲ್ಲಿ ರಸ್ತೆ ಅಂಚು ಕಾಣಲ್ಲ, ಅದಕ್ಕೆ 12 ವೋಲ್ಟಿಗೆ ಬದಲಾಯಿಸ್ತಾರೆ, ಕೆಲವ್ರು ಕಿಡಿ ಹೊತ್ತಿಸೋ ಹಳೇ ಪಾಯಿಂಟ್ ತೆಗ್ದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸ್ತಾರೆ. ಹೊರಗಿಂದ ನೋಡಿದ್ರೆ ಗಾಡಿ ಅದೇ, ಒಂದೇ ಲಿವರ್ ಕಿಕ್ಕೂ ಹೌದು ಗೇರೂ ಹೌದು, ಎಲ್ಲಾ ಹಾಗೇ ಇದೆ. ಇದನ್ನ ಆಲ್ಟ್ರೇಷನ್ ಅಂದ್ರೆ ಜಾಸ್ತಿಯಾಯ್ತು ಅನ್ಸುತ್ತೆ. 'ಒಗ್ಗಿಸೋದು' ಅಂದ್ರೆ ಹೆಂಗೆ? ಈ ಮಳೆಗೆ, ಈ ರಸ್ತೆಗೆ ಗಾಡೀನ ಒಗ್ಗಿಸೋದು. ನಂಗೇನೋ ಸರಿ ಕಾಣ್ತಿದೆ, ಬಲ್ಲವ್ರು ಹೇಳಿ.

ಇನ್ನೊಂದು ಪದ 'ಸೀಜ್', ಅಂದ್ರೆ ಪಿಸ್ಟನ್ ಸಿಲಿಂಡರ್ ಒಳಗೆ ಅಲ್ಲಾಡದೆ ನಿಂತು ಹೋಗೋದು. ಪಿಸ್ಟನ್ 'ಕಚ್ಕೊಂಡಿದೆ' ಅಂತ ಎಲ್ಲಾ ಮೆಕ್ಯಾನಿಕ್ಕೂ ಹೇಳ್ತಾರೆ, ಬಹಳ ಒಳ್ಳೇ ಪದ. ಆದ್ರೆ ಎರಡು ಬೇರೆ ಬೇರೆ ಸ್ಥಿತಿಗೂ ಅದೇ. ಟೂ ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲಿನ ಜೊತೆ ಎಣ್ಣೆ ಕಮ್ಮಿ ಬಿದ್ರೆ ಓಡ್ತಾ ಓಡ್ತಾನೇ ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರ್ ಗೋಡೆಗೆ ಉಜ್ಜಿ ಅಂಟ್ಕೊಳ್ಳುತ್ತೆ, ಅಲ್ಲಿ ಬೋರ್ ಮಾಡಿಸ್ಬೇಕಾಗುತ್ತೆ, ಅಂದ್ರೆ ಸಿಲಿಂಡರ್ ಒಳಗೋಡೆ ಕೊರೆಸಿ ನುಣುಪು ಮಾಡಿಸ್ಬೇಕಾಗುತ್ತೆ. ವರ್ಷಗಟ್ಲೆ ನಿಂತ ಗಾಡೀಲಿ ಪಿಸ್ಟನ್ನಿನ ರಿಂಗೂ ಸಿಲಿಂಡರೂ ತುಕ್ಕಲ್ಲಿ ಒಂದಾಗಿರ್ತವೆ ಅಷ್ಟೇ, ಪ್ಲಗ್ಗಿನ ತೂತಲ್ಲಿ ಡೀಸೆಲ್ಲೋ ಎಣ್ಣೆಯೋ ಬಿಟ್ಟು ದಿನಗಟ್ಲೆ ಕಾದು ಮೆಲ್ಲಗೆ ಆಡಿಸಿದ್ರೆ ಎಷ್ಟೋ ಸಲ ಬಿಡುತ್ತೆ. ಎರಡಕ್ಕೂ ಒಂದೇ ಪದ ಬರೆದ್ರೆ ಹುಡುಗ್ರು ಎರಡನೇದಕ್ಕೂ ಸುತ್ತಿಗೆ ತಗೋತಾರೆ, ಆಮೇಲೆ ಒಡೆದ ಪಿಸ್ಟನ್ ಹುಡುಕ್ತಾ ಶಿವಮೊಗ್ಗ ಪೂರ್ತಿ ಅಲೀಬೇಕು. ಮೊದಲನೇದು ಕಚ್ಚೋದು, ಎರಡನೇದು 'ಹಿಡ್ಕೊಳ್ಳೋದು' ಅಂತ ಬೇರ್ಪಡಿಸ್ಬಹುದಾ?

ಕೊನೇದಾಗಿ ತುಕ್ಕು. ಕಾರ್ಬುರೇಟರ್ ಬಿಚ್ಚಿ ಬಿಳೀ ಬಟ್ಟೆ ಮೇಲಿಟ್ಟು ನೋಡಿದ್ರೆ ಮೂರು ಬಣ್ಣ ಕಾಣುತ್ತೆ. ಉಕ್ಕಿನ ಸ್ಕ್ರೂ ಮೇಲೆ ಕೆಂಪು, ಅದು ತುಕ್ಕು, ಕೆಲವ್ರು ಜಂಗು ಅಂತಾರೆ. ಪೆಟ್ರೋಲ್ ಹಾಯೋ ಸಣ್ಣ ತೂತಿರೋ ಹಿತ್ತಾಳೆ ಜೆಟ್ಟಿನ ತೂತಿನ ಸುತ್ತ ಹಸುರು, ಅದು ಕಿಲುಬು, ನಮ್ಮಜ್ಜಿ ಹುಣಸೆಹಣ್ಣು ಹಾಕಿ ಪಾತ್ರೆಯಿಂದ ತೆಗೀತಿದ್ದಿದ್ದು ಅದೇ. ಇವೆರಡಕ್ಕೆ ಬೇರೆ ಬೇರೆ ಪದ ಇರೋದು ಕೆಲಸದ ದೃಷ್ಟಿಯಿಂದಾನೂ ಸರಿ, ಯಾಕಂದ್ರೆ ತುಕ್ಕಿಗೆ ವೈರ್ ಬ್ರಷ್ ಹಾಕಿ ತಿಕ್ಕಬಹುದು, ಜೆಟ್ಟಿಗೆ ಹಾಕಿದ್ರೆ ತೂತಿನ ಅಳತೆ ಕೆಡುತ್ತೆ. ಮೂರನೇದು ಕಾರ್ಬುರೇಟರಿನ ಎರಕದ ಬಾಡಿ ಮೇಲೆ ಕೂತಿರೋ ಬಿಳೀ ಪುಡಿ. ಇಂಜಿನ್ನಿನ ಅಲ್ಯುಮಿನಿಯಂ ಕವರ್ ಮೇಲೂ ಅದೇ, ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಮುಚ್ಚಿಟ್ಟ ಗಾಡಿಗಳಲ್ಲಿ ಜಾಸ್ತಿ. ಹುಡುಗ್ರು 'ಉಪ್ಪು ಹಿಡ್ದಿದೆ' ಅಂತಾರೆ, ಒಬ್ಬ ಹಳೇ ಮೆಕ್ಯಾನಿಕ್ 'ಬೂದಿ ಬಂದಿದೆ' ಅಂದ್ರು. ಬೂದಿ ನಂಗೆ ಇಷ್ಟ ಆಯ್ತು, ಆದ್ರೆ ಬೆಳೆಗೆ ಬರೋ ಬೂದಿರೋಗದ ಜೊತೆ ಗೊಂದಲ ಆಗುತ್ತೇನೋ. ಪಾತ್ರೆ ಅಂಗಡಿ, ಕಲಾಯಿ ಕೆಲಸದ ಮನೆಯವ್ರು ಯಾರಾದ್ರೂ ಇಲ್ಲಿ ಇದ್ರೆ ಅಲ್ಯುಮಿನಿಯಂ ಪಾತ್ರೆ ಮೇಲಿನ ಈ ಬಿಳುಪಿಗೆ ನಿಮ್ಮಲ್ಲಿ ಎಂತ ಅಂತಾರೆ ದಯವಿಟ್ಟು ತಿಳಿಸಿ, ಯಾವ ಊರಿನ ಮಾತು ಅಂತಾನೂ ಬರೀರಿ, ಕೈಪಿಡೀಲಿ ಊರಿನ ಹೆಸ್ರು ಸೇರಿಸೇ ಹಾಕ್ತೀವಿ.