ಮಗಳ ಮುಟ್ಟು 15 ದಿನವಾದರೂ ನಿಂತಿಲ್ಲ, ಕಾಯಬಹುದಾ ಮೇಡಂ?

ಪ್ರಶ್ನೆ: ನಮಸ್ತೆ ಮೇಡಂ. ಮಗಳಿಗೆ 13 ವರ್ಷ. ದೊಡ್ಡವಳಾಗಿ ಒಂದೂವರೆ ವರ್ಷ ಆಯಿತು. ಎರಡು ತಿಂಗಳು ಮುಟ್ಟೇ ಆಗಿರಲಿಲ್ಲ. ಈ ಸಲ ಶುರುವಾಗಿ 15 ದಿನ, ಇನ್ನೂ ನಿಂತಿಲ್ಲ. ರಾತ್ರಿ ಎರಡು ಸಲ ಎದ್ದು ಪ್ಯಾಡ್ ಬದಲಾಯಿಸುತ್ತಾಳೆ. ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ನಿಂತು ಗೋಡೆ ಹಿಡಿಯುತ್ತಾಳೆ. ಈ ವಯಸ್ಸಲ್ಲಿ ಹೀಗೇ, ತಾನಾಗಿ ಸರಿಹೋಗುತ್ತೆ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಕಾಯಬಹುದಾ?

ಉತ್ತರ: ಬೇಡ, ಕಾಯಬೇಡಿ. ಗೋಡೆ ಹಿಡಿಯುತ್ತಾಳೆ ಅಂದಿರಲ್ಲ, ರಕ್ತ ಕಮ್ಮಿಯಾಗಿರಬಹುದು. ಇವತ್ತೇ ತೋರಿಸಿ.

ಮೊದಲ ಎರಡು ಮೂರು ವರ್ಷ ಡೇಟ್ ಹಿಂದೆ ಮುಂದೆ ಆಗುವುದು ಸಹಜ. 21ರಿಂದ 45 ದಿನದೊಳಗೆ ಯಾವಾಗ ಬಂದರೂ ಚಿಂತೆಯಿಲ್ಲ. ಆದರೆ ಬ್ಲೀಡಿಂಗ್ 7 ದಿನ ದಾಟಬಾರದು. ಡೇಟ್ ಏರುಪೇರಾಗುವುದು ಬೇರೆ, ರಕ್ತ ನಿಲ್ಲದಿರುವುದು ಬೇರೆ. ಎರಡನ್ನೂ ಒಂದೇ ಅಂದುಕೊಂಡು ಕಾಯುತ್ತಾ ಕೂತರೆ ಮಕ್ಕಳು ಪೂರ್ತಿ ಬಿಳಿಚಿಕೊಂಡ ಮೇಲೆ ನಮ್ಮ ಹತ್ತಿರ ಬರುತ್ತಾರೆ.

ಈ ವಯಸ್ಸಿನಲ್ಲಿ ಪ್ರತಿ ತಿಂಗಳೂ ಅಂಡ ಬಿಡುಗಡೆ ಆಗುವುದಿಲ್ಲ. ಅದಾದರೆ ತಾನೇ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಬರುವುದು? ಅದಿಲ್ಲದಾಗ ಈಸ್ಟ್ರೋಜನ್ ಅನ್ನುವ ಇನ್ನೊಂದು ಹಾರ್ಮೋನ್ ಒಂದರಿಂದಲೇ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ. ಆಮೇಲೆ ಒಟ್ಟಿಗೆ ಕಳಚದೆ ಅಲ್ಲಿಷ್ಟು ಇಲ್ಲಿಷ್ಟು ಉದುರುತ್ತದೆ. ತಡವಾಗಿ ಬಂದ ಮುಟ್ಟು ನಿಲ್ಲದಿರುವುದಕ್ಕೆ ಸಾಮಾನ್ಯ ಕಾರಣ ಇದೇ.

ಆದರೂ ಒಂದು ಮಾತು ಕೇಳಬೇಕು. ಮೊದಲ ಮುಟ್ಟಿನಿಂದಲೇ ಜಾಸ್ತಿ ಹೋಗುತ್ತಿತ್ತಾ? ಆಗಾಗ ಮೂಗಿನಲ್ಲಿ, ವಸಡಿನಲ್ಲಿ ರಕ್ತ ಬರುತ್ತಾ? ಸುಮ್ನೆ ತಗುಲಿದರೂ ಮೈಮೇಲೆ ನೀಲಿ ಕಲೆ ಏಳುತ್ತಾ?

ಪ್ರಶ್ನೆ: ಮೂಗಿನ ರಕ್ತ ಚಿಕ್ಕವಳಿದ್ದಾಗಿಂದ ಇದೆ ಮೇಡಂ. ನನಗೂ ಮುಟ್ಟಿನಲ್ಲಿ ಜಾಸ್ತಿಯೇ. ಹೆರಿಗೆಯಲ್ಲೂ ತುಂಬಾ ರಕ್ತ ಹೋಗಿತ್ತು.

ಉತ್ತರ: ಇದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ರಕ್ತ ಹೆಪ್ಪುಗಟ್ಟುವುದರಲ್ಲೇ ತೊಂದರೆ ಇರಬಹುದು. ವಾನ್ ವಿಲ್ಲಿಬ್ರಾಂಡ್ ಅನ್ನುವ ಕಾಯಿಲೆ ತಾಯಿಯಿಂದಲೋ ತಂದೆಯಿಂದಲೋ ಬರುತ್ತದೆ. ಎಷ್ಟೋ ಸಲ ಅದು ಗೊತ್ತಾಗುವುದೇ ಮುಟ್ಟು ಶುರುವಾದ ಮೇಲೆ. ಪರೀಕ್ಷೆ ಆಗುವ ತನಕ ಆಸ್ಪಿರಿನ್, ಇಬುಪ್ರೊಫೆನ್ ಕೊಡಬೇಡಿ.

ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ), ಥೈರಾಯ್ಡ್ ನೋಡುತ್ತಾರೆ. ಗರ್ಭದ ಪರೀಕ್ಷೆಯನ್ನೂ ಮಾಡಬಹುದು, ಅದು ವಾಡಿಕೆ, ಬೇಜಾರು ಮಾಡಿಕೊಳ್ಳಬೇಡಿ. ಸ್ಕ್ಯಾನಿಂಗ್ ಬೇಕೆಂದರೆ ಹೊಟ್ಟೆಯ ಮೇಲಿಂದಲೇ ಆಗುತ್ತದೆ. ಒಳಗಿನ ಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ ಅಂತ ಅವಳಿಗೆ ಮೊದಲೇ ಹೇಳಿ. ಮಕ್ಕಳು ಹೆದರುವುದು ಅದಕ್ಕೇ.

ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ, ತಲೆ ಸುತ್ತಿ ಬಿದ್ದರೆ, ಕೂತಲ್ಲೇ ಎದೆ ಡವಡವ ಅಂದರೆ ನೇರ ಎಮರ್ಜೆನ್ಸಿಗೆ ಹೋಗಿ.

ಪ್ರಶ್ನೆ: ಹಾರ್ಮೋನ್ ಮಾತ್ರೆ ಕೊಟ್ಟರೆ ಮುಂದೆ ಮಕ್ಕಳಾಗಲು ತೊಂದರೆ ಆಗಲ್ವಾ?

ಉತ್ತರ: ಆಗುವುದಿಲ್ಲ. ಒಳಪದರ ಗಟ್ಟಿ ನಿಲ್ಲಲು ಆ ಮಾತ್ರೆ. ರಕ್ತ ನಿಂತಿತು ಅಂತ ನೀವೇ ಮಧ್ಯದಲ್ಲಿ ಬಿಟ್ಟರೆ ಮತ್ತೆ ಶುರುವಾಗುತ್ತದೆ, ಡಾಕ್ಟರು ಹೇಳಿದ ದಿನದವರೆಗೂ ಕೊಡಿ. ಕಬ್ಬಿಣದ ಮಾತ್ರೆಯೂ ಅಷ್ಟೇ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು 3 ತಿಂಗಳು ಬೇಕು. ಮಲ ಕಪ್ಪಗಾದರೆ ಗಾಬರಿ ಬೇಡ, ಅದು ಮಾತ್ರೆಯ ಬಣ್ಣ. ಹೋಗುವಾಗ ದಿನಕ್ಕೆ ಎಷ್ಟು ಪ್ಯಾಡ್ ಆಯಿತು ಅಂತ ಅವಳ ಕೈಯಲ್ಲೇ ಬರೆಸಿಕೊಂಡು ಹೋಗಿ.