ಪೆನ್ ಡ್ರೈವ್ ಫೈಲ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ, ಆಂಟಿವೈರಸ್ ಕೊಳ್ಳಬೇಕಾ?

ತುಂಗಾತೀರ:
ಅಪ್ಪ ಪ್ರಿಂಟ್ ತೆಗೆಸಲು ಪೆನ್ ಡ್ರೈವನ್ನು ಜೆರಾಕ್ಸ್ ಅಂಗಡಿಗೆ ಕೊಟ್ಟಿದ್ದರು. ಮನೆಗೆ ತಂದು ಹಾಕಿದರೆ ಎಲ್ಲವೂ ಶಾರ್ಟ್‌ಕಟ್! ತಂಗಿ ಮದುವೆ ಫೋಟೋಗಳು ಅದರಲ್ಲೇ ಇದ್ದವು. ಜೊತೆಗೆ ಸ್ಕ್ರೀನ್ ಮೂಲೆಯಲ್ಲಿ "5 ವೈರಸ್ ಸಿಕ್ಕಿವೆ, ಕೂಡಲೇ ರಿನ್ಯೂ ಮಾಡಿ" ಅಂತ ಬರುತ್ತಲೇ ಇದೆ. ನಾವು ಆಂಟಿವೈರಸ್ ಕೊಂಡೇ ಇಲ್ಲ. ವಿಂಡೋಸ್ 10 ಇದೆ. ಅಪ್ಪ ಬ್ಯಾಂಕ್ ಕೆಲಸವನ್ನೂ ಇದರಲ್ಲೇ ಮಾಡುತ್ತಾರೆ, ಅದೇ ಭಯ. ಯಾವುದು ಕೊಳ್ಳಲಿ?

ಕೀಲಿಮಣೆ:
ಫೋಟೋಗಳು ಬಹುತೇಕ ಅಲ್ಲೇ ಇರುತ್ತವೆ, ಗಾಬರಿ ಬೇಡ. ಈ ವೈರಸ್ ನಿಜವಾದ ಫೈಲ್‌ಗಳನ್ನು ಬಚ್ಚಿಟ್ಟು ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ, ಅದನ್ನು ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ವೈರಸ್ಸೂ ಕಂಪ್ಯೂಟರಿಗೆ ಇಳಿಯುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರಲ್ಲ. ಮನೆಯಲ್ಲಿ ಯಾರಾದರೂ ಒತ್ತಿದ್ದಾರಾ ಕೇಳಿ. ಮೊದಲು ಪೆನ್ ಡ್ರೈವ್ ತೆಗೆದು, ವಿಂಡೋಸ್ ಸೆಕ್ಯುರಿಟಿಯಲ್ಲಿ ಡಿಫೆಂಡರ್ (ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್) ಆಫ್‌ಲೈನ್ ಸ್ಕ್ಯಾನ್ ಕೊಡಿ. ಅದು ವಿಂಡೋಸ್ ಶುರುವಾಗುವ ಮೊದಲೇ ಹುಡುಕುತ್ತದೆ, ಸುಮಾರು 15 ನಿಮಿಷ ಸಾಕು. ಆಮೇಲೆ ಪೆನ್ ಡ್ರೈವನ್ನೂ ಸ್ಕ್ಯಾನ್ ಮಾಡಿ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲ್ ಕಾಣುವಂತೆ ಮಾಡಿ, ಸಿಸ್ಟಮ್ ಫೈಲ್ ಮರೆಮಾಡುವ ಟಿಕ್ ಕೂಡ ತೆಗೆಯಿರಿ. ಫೋಟೋ, ದಾಖಲೆ ಮಾತ್ರ ಕಾಪಿ ಮಾಡಿಕೊಂಡು ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಿಬಿಡಿ.

ಹೊನ್ನಾವರದ ಹುಡುಗಿ:
ಮೂಲೆಯಲ್ಲಿ ಬರುವುದು ಬಹುಶಃ ವೈರಸ್ ಅಲ್ಲ. ಯಾವುದೋ ವೆಬ್‌ಸೈಟ್ "ನೋಟಿಫಿಕೇಷನ್ ಅಲೋ ಮಾಡಿ" ಅಂದಾಗ ಯಾರೋ ಸುಮ್ನೆ ಒತ್ತಿರುತ್ತಾರೆ. ಕ್ರೋಮ್ ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್: ಅಲ್ಲಿ ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆಯಿರಿ. ಅದರಲ್ಲಿ ಫೋನ್ ನಂಬರ್ ಇದ್ದರೆ ದಯವಿಟ್ಟು ಕರೆ ಮಾಡಬೇಡಿ, ಅಪ್ಪನಿಗೂ ಹೇಳಿ. ರಿಪೇರಿ ಅಂತ ಹೇಳಿ ದೂರದಿಂದ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿಸುತ್ತಾರೆ, ಆಮೇಲೆ ಖಾತೆಗೇ ಕೈ ಹಾಕುತ್ತಾರೆ. ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ, ಆದರೆ ಈ ಕಂಪ್ಯೂಟರಿನಲ್ಲಿ ಅಲ್ಲ, ಫೋನಿನಲ್ಲಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಗಾಂಧಿಬಜಾರ್:
ಆಂಟಿವೈರಸ್ ಕೊಳ್ಳುವುದು ಬೇಡ, ಮನೆಬಳಕೆಗೆ ಡಿಫೆಂಡರ್ ಸಾಕು. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ನಿಮ್ಮ ವಿಂಡೋಸ್ 10ದು. ಅದರ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. 2017ರ ಮೇನಲ್ಲಿ ವನ್ನಾಕ್ರೈ ಅನ್ನುವ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಹರಡಿತಲ್ವಾ, ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು, ಹಾಕಿಕೊಳ್ಳದವರ ಫೈಲ್‌ಗಳಿಗೆ ಬೀಗ ಬಿತ್ತು. ಕಂಪ್ಯೂಟರ್ ತಡೆದುಕೊಂಡರೆ ವಿಂಡೋಸ್ 11ಕ್ಕೆ ಹೋಗಿ. ಆಂಟಿವೈರಸ್ ದುಡ್ಡಲ್ಲಿ ಒಂದು ಹಾರ್ಡ್ ಡಿಸ್ಕ್ ತಂದು ಮದುವೆ ಫೋಟೋ ಹಾಕಿಡಿ.

ತುಂಗಾತೀರ:
ಫೋಟೋ ಸಿಕ್ಕವು, ತುಂಬಾ ಥ್ಯಾಂಕ್ಸ್! ಇನ್ನು ಮುಂದೆ ಪ್ರಿಂಟ್‌ಗೆ ಏನು ಮಾಡುವುದು?

ಕೀಲಿಮಣೆ:
ಫೋನಿನಿಂದಲೇ ಅಂಗಡಿಯವರ ಮೇಲ್‌ಗೆ ಪಿಡಿಎಫ್ ಕಳಿಸಿ. ಅಲ್ಲಿನ ಕಂಪ್ಯೂಟರಿನಲ್ಲಿ ನಿಮ್ಮ ಮೇಲ್ ಮಾತ್ರ ತೆರೆಯಬೇಡಿ.